ಪಾಸ್‌ವರ್ಡ್ ಹೊಡೆಯೋದು ನಿಲ್ಲಿಸಿ, ಮೊದಲು ಸ್ಕ್ರೀನ್ ಓದಿ

ಶಿವಮೊಗ್ಗದಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ನನಗೆ ಬರುವ ಫೋನುಗಳಲ್ಲಿ ಒಂದು ಮಾತು ತೀರಾ ಮಾಮೂಲು. "ಲಾಗಿನ್ ಆಗ್ತಿಲ್ಲ, ಬಂದು ಫಾರ್ಮ್ಯಾಟ್ ಮಾಡ್ಬಿಡಿ." ಮೊದಲರ್ಧ ಕೇಳಿ ನನಗೆ ಏನೂ ಅನಿಸುವುದಿಲ್ಲ, ಎರಡನೇ ಅರ್ಧಕ್ಕೆ ಮಾತ್ರ ನಿಜಕ್ಕೂ ಸಂಕಟವಾಗುತ್ತದೆ. ಫಾರ್ಮ್ಯಾಟ್ ಅಂದರೆ ಡಿಸ್ಕ್‌ನಲ್ಲಿ ಇರುವುದೆಲ್ಲ ಅಳಿಸಿದಂತೆ. ಮಗಳ ಮದುವೆ ಫೋಟೋ, ಅಂಗಡಿಯ ಟ್ಯಾಲಿ ಲೆಕ್ಕ, ಎಲ್ಲ ಅದೇ ಡಿಸ್ಕ್‌ನಲ್ಲಿ ಇರುತ್ತದೆ, ಬೇರೆ ಕಡೆ ಕಾಪಿ ಇರುವುದಿಲ್ಲ.

ಹಾಗಾಗಿ ಫೋನಿನಲ್ಲೇ ನಾನು ಹೇಳುವುದು ಇಷ್ಟು. ಇನ್ನು ಟೈಪ್ ಮಾಡಬೇಡಿ, ಸ್ಕ್ರೀನ್ ಮೇಲೆ ಏನು ಬರೆದಿದೆಯೋ ಅದನ್ನು ಒಂದಕ್ಷರ ಬಿಡದೆ ಓದಿ ಹೇಳಿ. ಪಾಸ್‌ವರ್ಡ್ ತಪ್ಪು ಅಂತಿದೆಯಾ, ಪಿನ್ ತಪ್ಪು ಅಂತಿದೆಯಾ, ಅಕೌಂಟ್ ಲಾಕ್ ಆಗಿದೆ ಅಂತಿದೆಯಾ? ಮೂರೂ ಬೇರೆ ಬೇರೆ ತೊಂದರೆ. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ, 22ಎಚ್2 ಆವೃತ್ತಿಯಿಂದ ಈಚೆಗೆ, ಹತ್ತು ನಿಮಿಷದಲ್ಲಿ ಹತ್ತು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಅಕೌಂಟ್ ಹತ್ತು ನಿಮಿಷ ಲಾಕ್ ಆಗುತ್ತದೆ. ಆಗ ಸರಿಯಾದ ಪಾಸ್‌ವರ್ಡ್ ಹೊಡೆದರೂ ತಗೊಳ್ಳುವುದಿಲ್ಲ. ಜನ "ಇದೂ ಅಲ್ಲ" ಅಂದುಕೊಂಡು ಸರಿ ಇದ್ದದ್ದನ್ನೇ ಬಿಟ್ಟು ಮುಂದೆ ಹೋಗಿರುತ್ತಾರೆ. ಸುಮ್ನೆ ಕಾಫಿ ಕುಡಿದು ಬಂದು ಮತ್ತೆ ನೋಡಿದರೆ ಸಾಕಿತ್ತು.

ನಮ್ಮ ಕಡೆ ಇನ್ನೊಂದಿದೆ, ಕೀಬೋರ್ಡ್ ಭಾಷೆ. ಕನ್ನಡದಲ್ಲಿ ಟೈಪ್ ಮಾಡುವವರ ಮನೆಯಲ್ಲಿ ಕನ್ನಡ ಲೇಔಟ್ ಸೇರಿಸಿರುತ್ತಾರೆ, ಅದು ಲಾಗಿನ್ ಸ್ಕ್ರೀನಿನಲ್ಲೂ ಆನ್ ಆಗಿ ಉಳಿದಿರಬಹುದು. ಹೊಡೆದದ್ದೆಲ್ಲ ಚುಕ್ಕಿಯಾಗಿ ಕಾಣುವುದರಿಂದ ಒಳಗೆ ಕನ್ನಡ ಅಕ್ಷರ ಬೀಳುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಕಣ್ಣಿನ ಗುರುತು ಒತ್ತಿ ಹಿಡಿದರೆ ಹೊಡೆದದ್ದು ಕಾಣುತ್ತದೆ. ಕೆಳಗೆ ಬಲಗಡೆ ಭಾಷೆಯ ಗುರುತು ಇರುತ್ತದೆ, ಇಲ್ಲದಿದ್ದರೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ. ಕ್ಯಾಪ್ಸ್ ಲಾಕ್, ನಮ್ ಲಾಕ್ ಕೂಡ ಇದೇ ಜಾತಿಯವು.

ಇದೆಲ್ಲ ಸರಿ ಇದ್ದರೆ ಮುಂದಿನ ಪ್ರಶ್ನೆ: ಇದು ಎಂಥ ಅಕೌಂಟ್? ಪಿನ್ ಆ ಒಂದು ಮಷಿನ್‌ಗೆ ಮಾತ್ರ ಸೇರಿದ್ದು. ಮೈಕ್ರೋಸಾಫ್ಟ್ ಅಕೌಂಟ್ ಪಾಸ್‌ವರ್ಡ್ ಇಂಟರ್ನೆಟ್‌ನಲ್ಲಿ ಇರುವಂಥದ್ದು, ಮೊಬೈಲ್‌ನಿಂದಲೇ ಬದಲಾಯಿಸಬಹುದು. ಲೋಕಲ್ ಅಕೌಂಟ್ ಅಂದರೆ ಆ ಕಂಪ್ಯೂಟರ್‌ನಲ್ಲೇ ಮಾಡಿಕೊಂಡದ್ದು, ಅದರ ವಿಷಯ ಆ ಡಿಸ್ಕ್ ಬಿಟ್ಟು ಹೊರಗೆ ಎಲ್ಲೂ ಇರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಒದ್ದಾಡುವವರೇ ಜಾಸ್ತಿ.

ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಕಂಪ್ಯೂಟರ್ ಹಾಕಿಕೊಟ್ಟವನು ಹೊರದೇಶದಲ್ಲಿರುವ ಮಗ, ಅಡ್ಮಿನ್ ಅಕೌಂಟ್, ಅಂದರೆ ಆ ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಬದಲಾಯಿಸುವ ಅಧಿಕಾರ ಇರುವ ಅಕೌಂಟ್, ಅವನ ಮೈಕ್ರೋಸಾಫ್ಟ್ ಅಕೌಂಟ್‌ನದೇ. ಅಲ್ಲಿಂದಲೇ ಪಾಸ್‌ವರ್ಡ್ ಬದಲಾಯಿಸಿ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದಾನೆ. "ಏನಪ್ಪಾ, ಮಗ ಹೇಳಿದ್ದನ್ನೇ ಹೊಡೀತಿದೀನಿ, ಒಳಗೇ ಬಿಡ್ತಿಲ್ಲ" ಅಂದರು. ನಾನು ನೋಡಿದ್ದು ಸ್ಕ್ರೀನಿನ ಕೆಳಗಿನ ಮೂಲೆ. ನೆಟ್‌ವರ್ಕ್ ಇಲ್ಲ ಅಂತ ಗುರುತು ತೋರಿಸುತ್ತಿತ್ತು. ಬಣ್ಣ ಬಳಿಯುವವರು ರೂಟರನ್ನು ಹಾಲ್‌ಗೆ ಸಾಗಿಸಿದ್ದರು, ಕೇಬಲ್ ಟೇಬಲ್ ಹಿಂದೆ ನೇತಾಡುತ್ತಿತ್ತು. ನೆಟ್ ಇಲ್ಲದೆ ಕಂಪ್ಯೂಟರ್‌ಗೆ ಹೊಸ ಪಾಸ್‌ವರ್ಡ್ ವಿಷಯವೇ ಗೊತ್ತಾಗಿಲ್ಲ, ಕಡೇ ಸಲ ಒಳಗೆ ಬಿಟ್ಟ ಹಳೇ ಪಾಸ್‌ವರ್ಡನ್ನೇ ಅದು ಇನ್ನೂ ಒಪ್ಪುತ್ತದೆ. "ಹಳೇದು ಎಲ್ಲಾದ್ರೂ ಬರ್ದಿದೀರಾ ಸರ್?" ಅಂದೆ. ಡೈರಿಯ ಹಿಂದಿನ ಪುಟದಲ್ಲಿ ಇತ್ತು, ಹೊಡೆದ ಕೂಡಲೇ ಡೆಸ್ಕ್‌ಟಾಪ್ ಬಂತು. ಆಮೇಲೆ ಕೇಬಲ್ ಎಳೆದು ನೆಟ್ ಕೊಟ್ಟೆವು, ಅಲ್ಲಿಂದ ಹೊಸದು ನಡೆಯಿತು. "ಇಷ್ಟಕ್ಕೇ ಫಾರ್ಮ್ಯಾಟ್ ಮಾಡ್ಬೇಕು ಅಂದಿದ್ರಲ್ಲಪ್ಪ ಅಂಗಡಿಯವರು" ಅಂತ ಮೇಷ್ಟ್ರು ಬಹಳ ಹೊತ್ತು ಬೇಜಾರು ಮಾಡಿಕೊಂಡರು.

ಲೋಕಲ್ ಅಕೌಂಟ್ ಆದರೆ ದಾರಿ ಬೇರೆ. ವಿಂಡೋಸ್ 10ರ 1803 ಆವೃತ್ತಿಯಿಂದ, ಅಂದರೆ 2018ರಿಂದ, ಅಕೌಂಟ್ ಮಾಡುವಾಗಲೇ ಮೂರು ಭದ್ರತಾ ಪ್ರಶ್ನೆ ಕೇಳುತ್ತದೆ. ತಪ್ಪು ಪಾಸ್‌ವರ್ಡ್ ಕೊಟ್ಟಾಗ ಕೆಳಗೆ ರೀಸೆಟ್ ಅಂತ ಬರುತ್ತದಲ್ಲ, ಅಲ್ಲಿ ಉತ್ತರ ಕೊಟ್ಟರೆ ಹೊಸದು ಹಾಕಿಕೊಳ್ಳಬಹುದು. ಅದೂ ಆಗದಿದ್ದರೆ ಅದೇ ಮಷಿನ್‌ನ ಇನ್ನೊಂದು ಅಡ್ಮಿನ್ ಅಕೌಂಟ್‌ನಿಂದ ಬದಲಾಯಿಸಬೇಕು. ಆದರೆ ಹಾಗೆ ಹೊರಗಿನಿಂದ ಬದಲಾಯಿಸಿದರೆ ಆ ಅಕೌಂಟ್‌ನಲ್ಲಿ ವಿಂಡೋಸ್ ಉಳಿಸಿಟ್ಟ ಪಾಸ್‌ವರ್ಡುಗಳು ಹೋಗುತ್ತವೆ, ವಿಂಡೋಸ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿದ, ಅಂದರೆ ಬೇರೆಯವರು ಓದದಂತೆ ಸಂಕೇತಕ್ಕೆ ಬದಲಾಯಿಸಿದ ಫೈಲ್ ಇದ್ದರೆ ಅವೂ ತೆರೆಯುವುದಿಲ್ಲ. ಇದನ್ನು ಮೊದಲೇ ಹೇಳಿ, ಅವರು ಒಪ್ಪಿದ ಮೇಲೆ ಮಾತ್ರ ನಾನು ಕೈ ಹಾಕುತ್ತೇನೆ.

ಅಡ್ಮಿನ್ನೇ ಇಲ್ಲದ ಮಷಿನ್ ಎಲ್ಲಕ್ಕಿಂತ ಕಷ್ಟ. ಲಾಗಿನ್ ಆಗುತ್ತದೆ, ಪ್ರಿಂಟರ್ ಹಾಕಲು ಹೋದರೆ ಅನುಮತಿ ಕೇಳುವ ಕಿಟಕಿ ಬರುತ್ತದೆ, ಅದರಲ್ಲಿ 'ಯೆಸ್' ಬಟನ್ ಮಸುಕಾಗಿ ಒತ್ತಲಿಕ್ಕೇ ಬರುವುದಿಲ್ಲ. ಇದ್ದ ಒಂದೇ ಅಡ್ಮಿನ್ ಅಕೌಂಟನ್ನು ಯಾರೋ ಸ್ಟ್ಯಾಂಡರ್ಡ್, ಅಂದರೆ ಆ ಅಧಿಕಾರ ಇಲ್ಲದ ಮಾಮೂಲು ಅಕೌಂಟ್ ಮಾಡಿರುತ್ತಾರೆ. ಕಮಾಂಡ್ ಪ್ರಾಂಪ್ಟ್ ಅನ್ನುವ, ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ 'ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್' ಅಂತ ಕೊಟ್ಟರೆ ಅಡ್ಮಿನ್‌ಗಳ ಹೆಸರು ತೋರಿಸುತ್ತದೆ, ಅಲ್ಲಿ 'ಅಡ್ಮಿನಿಸ್ಟ್ರೇಟರ್' ಅನ್ನುವ ಒಂದೇ ಹೆಸರಿದ್ದರೆ ಖುಷಿಪಡಬೇಡಿ. ಅದು ವಿಂಡೋಸ್ ಜೊತೆಗೇ ಬರುವ ಅಕೌಂಟ್, ವಿಸ್ಟಾ ಅನ್ನುವ ಹಳೇ ವಿಂಡೋಸ್ ಕಾಲದಿಂದ ಮುಚ್ಚಿಯೇ ಬರುತ್ತದೆ. ಅದಕ್ಕೂ ಹಿಂದಿನ ಎಕ್ಸ್‌ಪಿ ಇದ್ದಾಗ ಸೇಫ್ ಮೋಡ್‌ಗೆ ಹೋಗಿ ಅದರಿಂದ ಒಳಗೆ ಬರುತ್ತಿದ್ದರು, ಆ ಉಪಾಯವನ್ನೇ ಇವತ್ತಿಗೂ ಹೇಳುವವರಿದ್ದಾರೆ. ಇಂಥ ಮಷಿನ್‌ನಲ್ಲಿ ನಾನು ಮೊದಲು ಅವರ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡುತ್ತೇನೆ, ಅದಕ್ಕೆ ಸ್ಟ್ಯಾಂಡರ್ಡ್ ಅಕೌಂಟ್ ಸಾಕು. ಆಮೇಲೆ ಬೇರೆ ದಾರಿ ಇಲ್ಲವೆಂದರೆ ವಿಂಡೋಸನ್ನೇ ರೀಸೆಟ್ ಮಾಡಿ ಹೊಸದಾಗಿ ಶುರು ಮಾಡುವುದು. ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ, ಕಾಪಿ ಮಾಡಿಟ್ಟ ಫೋಟೋ, ಡಾಕ್ಯುಮೆಂಟ್ ಉಳಿಯುತ್ತವೆ.

ರೀಸೆಟ್‌ಗೆ ಇಳಿಯುವ ಮೊದಲು ಬಿಟ್‌ಲಾಕರ್ ಕೀ ಇದೆಯಾ ನೋಡಿ. ಬಿಟ್‌ಲಾಕರ್ ಅಂದರೆ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ವ್ಯವಸ್ಥೆ, ಅದನ್ನು ತೆರೆಯುವ 48 ಅಂಕಿಯ ರಿಕವರಿ ಕೀ ಅದು. ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಕೀ ಮಾತ್ರ ಮೊದಲು ಲಾಗಿನ್ ಆದವರ ಅಕೌಂಟ್‌ಗೆ ಹೋಗಿ ಕೂತಿರುತ್ತದೆ. ಆ 'ಮೊದಲು ಲಾಗಿನ್ ಆದವರು' ಅಂಗಡಿಯ ಹುಡುಗನೂ ಆಗಿರಬಹುದು, ಅಲ್ವಾ? ಕೀ ಸಿಗದಿದ್ದರೆ ಆ ಡಿಸ್ಕ್ ಒಳಗಿನದ್ದನ್ನು ನಾನಷ್ಟೇ ಅಲ್ಲ, ಯಾರೂ ತೆಗೆದುಕೊಡಲಾರರು. ಲ್ಯಾಪ್‌ಟಾಪ್ ತಗೊಂಡ ದಿನವೇ ನಿಮ್ಮದೇ ಅಕೌಂಟ್‌ನಲ್ಲಿ ಲಾಗಿನ್ ಆಗಿ, ಕೀ ಕಾಗದಕ್ಕೆ ಬರೆದುಕೊಳ್ಳಿ.

ಪೆನ್ ಡ್ರೈವ್ ಹಾಕಿ ಪಾಸ್‌ವರ್ಡ್ ಅಳಿಸುವ ಸಾಫ್ಟ್‌ವೇರ್ ಬಗ್ಗೆ ಕೆಲವರು ಕೇಳುತ್ತಾರೆ. ಲ್ಯಾಪ್‌ಟಾಪ್ ಯಾರದು ಅಂತ ಬಿಲ್‌ನಿಂದಲೋ ಮನೆಯವರಿಂದಲೋ ಖಾತ್ರಿ ಆಗದೆ ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ಸ್ಕ್ರೀನ್ ಮೇಲೆ ಬೇರೆ ಯಾರದೋ ಹೆಸರು, ಕೈಯಲ್ಲಿ ಹಿಡಿದವರು ಬೇರೆ ಯಾರೋ ಆದರೆ ವಾಪಸ್ ಕಳಿಸುತ್ತೇನೆ.

ಮನೆ ಬಿಟ್ಟು ಹೊರಡುವ ಮೊದಲು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ಗೆ ಹೋಗಿ ಇನ್ನೊಂದು ಲೋಕಲ್ ಅಕೌಂಟ್ ಮಾಡಿ, ಅದನ್ನು ಅಡ್ಮಿನಿಸ್ಟ್ರೇಟರ್ ಅಂತ ಬದಲಾಯಿಸುತ್ತೇನೆ. ಇದು ದಿನಾ ಬಳಸುವುದಕ್ಕಲ್ಲ, ಮೊದಲನೆಯದು ಕೈಕೊಟ್ಟಾಗ ಬೇಕಾಗುವಂಥದ್ದು. ಪಾಸ್‌ವರ್ಡನ್ನು ನಾನು ನೋಡದಂತೆ ಮನೆಯವರೇ ಹಾಕಬೇಕು, ಚೀಟಿಯಲ್ಲಿ ಬರೆದು ಮನೆ ಪತ್ರ ಇಡುವ ಕಡೆ ಇಡಬೇಕು. ಆಮೇಲೆ ನಾನೇ ಸೈನ್ ಔಟ್ ಮಾಡಿ, ಆ ಚೀಟಿ ನೋಡಿಕೊಂಡು ಅವರ ಕೈಯಿಂದಲೇ ಒಂದು ಸಲ ಲಾಗಿನ್ ಮಾಡಿಸುತ್ತೇನೆ. ಚೀಟಿಯಲ್ಲಿ ಸೊನ್ನೆ ಯಾವುದು, ಓ ಅಕ್ಷರ ಯಾವುದು ಅನ್ನುವ ಗೊಂದಲ ಅಲ್ಲೇ ಬಗೆಹರಿಯುತ್ತದೆ.