ಪುಸ್ತಕಕ್ಕಿಂತ ಮೊದಲು ಪಟ್ಟಿ ಹಂಚಿಕೊಳ್ಳಿ

ನಾನು ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಕಚೇರಿಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಇಂಥ ಸಣ್ಣ ಲೈಬ್ರರಿಗಳು ಈ ಊರಲ್ಲಿ ತುಂಬಾ ಇವೆ. ಎಲ್ಲರಿಗೂ ಬಜೆಟ್ ಕಮ್ಮಿ, ಆದರೂ ಎಲ್ಲರೂ ಅದೇ ದುಬಾರಿ ಕಾನೂನು ಪುಸ್ತಕ, ಅದೇ ಸರ್ವಿಸ್ ರೂಲ್ಸ್ ತರಿಸುತ್ತಾರೆ. ಪಕ್ಕದ ಕಚೇರಿಯ ಕಪಾಟಿನಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ದರೆ ಇನ್ನೇನು ಮಾಡೋಕಾಗುತ್ತೆ?

ಒಬ್ಬರಿಗೊಬ್ಬರು ಪುಸ್ತಕ ಕೊಟ್ಟು ತಗೊಳ್ಳೋಣ ಅಂತ ಕೆಲವು ಲೈಬ್ರರಿಯನ್‌ಗಳು ಸೇರಿದಾಗ ಮೊದಲು ಎದ್ದ ಪ್ರಶ್ನೆ ಸಾಫ್ಟ್‌ವೇರ್ ಯಾವುದು ಅನ್ನೋದು. ಅದು ಅಷ್ಟು ದೊಡ್ಡ ವಿಷಯವಲ್ಲ. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಇ-ಗ್ರಂಥಾಲಯ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಸರ್ಕಾರಿ ಲೈಬ್ರರಿಗಳಿಗೆ ಸಿಗುತ್ತದೆ, ಕೋಹಾ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಕೂಡ ಉಚಿತ. ಕಷ್ಟ ಶುರುವಾಗುವುದು ಎಲ್ಲರ ಪುಸ್ತಕಗಳ ಪಟ್ಟಿ ಒಂದೆಡೆ ಸೇರಿಸಿ ಕೂಡುಪಟ್ಟಿ ಮಾಡಿದಾಗ. ಒಂದು ಕಡೆ 'ಕುವೆಂಪು', ಇನ್ನೊಂದು ಕಡೆ 'ಪುಟ್ಟಪ್ಪ, ಕೆ.ವಿ.', ಮತ್ತೊಂದು ಕಡೆ ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ಒಂದು ಹೆಸರಲ್ಲಿ ಹುಡುಕಿದರೆ ಉಳಿದೆರಡು ಪ್ರತಿ ಕಾಣುವುದೇ ಇಲ್ಲ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಈಗ ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್‌ಗೆ ಬದಲಿಸದೆ ಹಾಕಿದರಂತೂ ತೆರೆ ತುಂಬಾ ಅರ್ಥವಾಗದ ಅಕ್ಷರಗಳು. ಪುಸ್ತಕಗಳನ್ನು ಗುರುತಿಸಲು ಕೊಡುವ ಐಎಸ್‌ಬಿಎನ್ ನಂಬರ್ ನೋಡಿ ಹೊಂದಿಸೋಣ ಅಂದರೆ ಹಳೇ ಕನ್ನಡ ಪುಸ್ತಕಗಳಲ್ಲಿ ಆ ನಂಬರೇ ಇರುವುದಿಲ್ಲ. ಹಾಗಾಗಿ ಪುಸ್ತಕ ತೆಗೆದು, ಶೀರ್ಷಿಕೆ ಪುಟ ನೋಡಿ, ಪ್ರಕಾಶಕರು, ಮುದ್ರಣದ ವರ್ಷ, ಪುಟಗಳ ಸಂಖ್ಯೆ ತಾಳೆ ಹಾಕಿ, ಲೇಖಕರ ಹೆಸರು ಹೀಗೇ ಬರೆಯಬೇಕು ಅಂತ ಎಲ್ಲರೂ ಒಪ್ಪಿಕೊಂಡು ಕೂತು ತಿದ್ದಬೇಕು. ಬೇಜಾರಿನ ಕೆಲಸ ನಿಜ. ಆದರೆ 1988ರಲ್ಲಿ ದೆಹಲಿಯಲ್ಲಿ ಶುರುವಾದ, ಲೈಬ್ರರಿಗಳು ಪುಸ್ತಕ ಹಂಚಿಕೊಳ್ಳುವ ಜಾಲ ಡೆಲ್ನೆಟ್ ನಡೆಯುತ್ತಿರುವುದೂ ಸದಸ್ಯ ಲೈಬ್ರರಿಗಳ ಇಂಥ ಕೂಡುಪಟ್ಟಿಯ ಮೇಲೇ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಭಯ. ಕೊಟ್ಟ ಪುಸ್ತಕ ವಾಪಸ್ ಬರದಿದ್ದರೆ ಪುಸ್ತಕ ಎಣಿಸಿ ತಾಳೆ ನೋಡುವ ಸ್ಟಾಕ್ ವೆರಿಫಿಕೇಷನ್‌ನಲ್ಲಿ ಉತ್ತರ ಕೊಡಬೇಕಾದವರು ನಾವೇ ಅಲ್ವಾ? ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ 2017ರ ಜಿಎಫ್‌ಆರ್‌ನ 215ನೇ ನಿಯಮವನ್ನು ದಯವಿಟ್ಟು ಒಮ್ಮೆ ಓದಿ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ ಅಂತ ಒಪ್ಪಬಹುದು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಾಗಿರಬಾರದು ಅಷ್ಟೇ. 1,000 ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಅಥವಾ ಅಪರೂಪದ್ದು ಕಳೆದರೆ ಮಾತ್ರ ತನಿಖೆ ಕಡ್ಡಾಯ. ಬೀರುವಿಗೆ ಬೀಗ ಹಾಕಿ ಇಟ್ಟುಕೊಳ್ಳಿ ಅಂತ ಸರ್ಕಾರವೇ ಹೇಳಿಲ್ಲ, ಆದರೂ ಎಷ್ಟೋ ಒಳ್ಳೆ ಪುಸ್ತಕಗಳು ಈ ಭಯಕ್ಕೇ ಧೂಳು ತಿನ್ನುತ್ತಿವೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಾವು ಮಾಡಿಕೊಂಡ ಏರ್ಪಾಡು ಸರಳ. ಪುಸ್ತಕ ಕೊಡುವುದು ಓದುಗರ ಹೆಸರಿಗಲ್ಲ, ಅವರ ಕಚೇರಿಯ ಹೆಸರಿಗೆ. ಫಾರಂ ಮೇಲೆ ಎರಡೂ ಕಡೆಯ ಸಹಿ, ಸೀಲು ಇರಬೇಕು. ಕಳೆದುಹೋದರೆ ಬೇರೆ ಪ್ರತಿ ತರಿಸಿಕೊಡುವುದು ಪಡೆದ ಕಚೇರಿಯ ಹೊಣೆ, ಇದಕ್ಕೆ ಮೇಲಧಿಕಾರಿಯ ಲಿಖಿತ ಆದೇಶವನ್ನು ಮೊದಲೇ ಪಡೆದಿರಬೇಕು. ಅಪರೂಪದ ಪುಸ್ತಕ, ಜಿಲ್ಲೆಗಳ ವಿವರ ಇರುವ ಹಳೇ ಗೆಜೆಟಿಯರ್‌ಗಳು ಹೊರಗೆ ಹೋಗುವುದಿಲ್ಲ. ತಮ್ಮ ಕಚೇರಿಯಿಂದ ಪತ್ರ ತಂದವರು ಅಲ್ಲೇ ಕೂತು ಓದಬಹುದು. ಹೊಸ ಪುಸ್ತಕಕ್ಕೆ ಆರ್ಡರ್ ಹಾಕುವ ಮುಂಚೆ ಈಗ ಎಲ್ಲರೂ ಕೂಡುಪಟ್ಟಿ ನೋಡುತ್ತೇವೆ, ಉಳಿದ ದುಡ್ಡಲ್ಲಿ ಯಾರ ಹತ್ತಿರವೂ ಇಲ್ಲದ್ದನ್ನು ತರಿಸುತ್ತೇವೆ.