ನೀರನ್ನು ಹೊರಹಾಕುವ ಸಂಪು

ಬೆಂಗಳೂರಿನಲ್ಲಿ ಸಂಪು ಎಂದರೆ ನೀರು ಕೂಡಿಡುವ ತೊಟ್ಟಿ. ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆಯ ಸಂಪಿನ ಮುಚ್ಚಳ ಎತ್ತಿ, ಮೊಬೈಲ್ ಬೆಳಕು ಬಿಟ್ಟು, ಇಂದಾದರೂ ಕಾವೇರಿ ಬಂದಳೇ ಎಂದು ಇಣುಕಿದ ರಾತ್ರಿಗಳಿಗೆ ಲೆಕ್ಕವಿಲ್ಲ. ಹೀಗಾಗಿ ಇಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ಪಟ್ಟಣದ ಅಂಚಿನಲ್ಲಿ ಮನೆ ನೋಡಲು ಹೋದಾಗ ನೆಲಮಾಳಿಗೆಯ ಮೂಲೆಯಲ್ಲಿ ಸಂಪು ಇದೆ ಎಂದು ಕೇಳಿ ನನಗೆ ಖುಷಿಯೇ ಆಯಿತು. ಆ ಸಂಪು ನೀರನ್ನು ಇಟ್ಟುಕೊಳ್ಳುವುದಕ್ಕಲ್ಲ, ಮನೆಯಿಂದ ಆಚೆಗೆ ತಳ್ಳುವುದಕ್ಕೆ ಎಂದು ತಿಳಿದದ್ದು ಮೊದಲ ಏಪ್ರಿಲ್‌ನಲ್ಲಿ. ಎರಡು ದಿನ ಬಿಡದೆ ಮಳೆ ಸುರಿಯಿತು, ಮೂರನೆಯ ರಾತ್ರಿ ಕರೆಂಟು ಹೋಯಿತು, ಪಂಪು ನಿಂತಿತು. ಬೆಳಿಗ್ಗೆ ನೋಡಿದರೆ ಊರಿನಿಂದ ಹೊತ್ತು ತಂದಿದ್ದ ಪುಸ್ತಕಗಳ ಪೆಟ್ಟಿಗೆ ಪಾದ ಮುಳುಗುವಷ್ಟು ನೀರಿನಲ್ಲಿ ಕೂತಿತ್ತು. ನೀರು ಮೇಲಿನಿಂದ ಬಂದಿರಲಿಲ್ಲ. ಕಿಟಕಿಯಿಂದಲೂ ಬಂದಿರಲಿಲ್ಲ. ನೆಲದಿಂದ ಎದ್ದು ಬಂದಿತ್ತು.

ಮರುವರ್ಷ ಊರಿನಿಂದ ಬಂದ ಅಪ್ಪ ಮೊದಲ ದಿನವೇ ಆ ಗುಂಡಿಯನ್ನು ನೋಡಿ ಹೇಳಿದರು: "ಇದು ಸಂಪಲ್ಲವ್ವಾ, ಬಾವಿ. ಬಾವಿಯ ಮೇಲೆ ಮನೆ ಕಟ್ಟಿಕೊಂಡಿದ್ದೀರಿ."

ಅಪ್ಪನದು ನವಲಗುಂದ ತಾಲ್ಲೂಕಿನ ಎರೆ ಹೊಲ. ಕಪ್ಪು ಮಣ್ಣಿನ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಅವರ ನಂಬಿಕೆ, ಮನೆಯವರೆಲ್ಲರದೂ. ನಮ್ಮ ಬಡಾವಣೆ ಮುಗಿದಲ್ಲಿಂದಲೇ ಹೊಲಗಳು ಆರಂಭ. ಕಣ್ಣು ಹಾಯಿಸಿದಷ್ಟೂ ಸಪಾಟು, ಎಣ್ಣೆ ಹಚ್ಚಿದ ಹಂಚಿನಂತೆ ಕಪ್ಪು. ನಡಿಗೆಗೆ ಹೋದ ಅಪ್ಪ ಬದುವಿನಲ್ಲಿ ಕೂತು ಒಂದು ಹೆಂಟೆ ಎತ್ತಿ ಹಿಸುಕಿದರು. ಅದು ಎರೆಯ ಹೆಂಟೆಯಂತೆ ಕಲ್ಲಾಗಿರಲಿಲ್ಲ. ಬೆರಳ ಸಂದಿಯಲ್ಲಿ ಕಾಳು ಕಾಳಾಗಿ ಉದುರಿತು. "ಬಣ್ಣ ನಮ್ಮದೇ, ಗುಣ ನಮ್ಮದಲ್ಲ" ಎಂದರು.

ಆ ಹೊಲದ ಯಜಮಾನ ಎಪ್ಪತ್ತು ದಾಟಿದ ಮುದುಕ. ಅಪ್ಪ ಅವರಿಗೆ ಗೌಡರು ಎಂದೇ ಹೆಸರಿಟ್ಟರು, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಆ ವಾರ ಅವರ ಹೊಲದಲ್ಲಿ ಕೃಷಿ ವಿದ್ಯಾರ್ಥಿಗಳಿಗೆ ಮಣ್ಣು ಓದುವ ಸ್ಪರ್ಧೆ ಇತ್ತು. ಜೆಸಿಬಿಯಿಂದ ಆಳುದ್ದ ಗುಂಡಿ ತೋಡಿಸಿ, ಒಂದು ಗೋಡೆಯನ್ನು ಚಾಕುವಿನಿಂದ ನೇರವಾಗಿ ಕೆರೆದು, ಪಕ್ಕಕ್ಕೆ ಅಳತೆಪಟ್ಟಿ ಇಳಿಬಿಟ್ಟಿದ್ದರು. ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಇಳಿದು ಮಣ್ಣನ್ನು ನೀರಿನಲ್ಲಿ ಕಲಸಿ, ಹೆಬ್ಬೆರಳಿನಿಂದ ಪಟ್ಟಿಯಂತೆ ಒತ್ತಿ ನೋಡುವರು. ಸೀರೆಗೆ ಕುಬಸದ ಕಣ ಹೊಂದಿಸುವ ಹಾಗೆ ಒಂದು ಬಣ್ಣದ ಪುಸ್ತಕದ ಪಕ್ಕ ಮಣ್ಣಿನ ತುಣುಕು ಹಿಡಿದು ಅಂಕಿ ಬರೆದುಕೊಳ್ಳುವರು. ಅದು ಮನ್ಸೆಲ್ ಪುಸ್ತಕ. ಮೇಲಿನ ಮಣ್ಣಿಗೆ ಸಿಕ್ಕ ಅಂಕಿ 10 ವೈಆರ್ 2/1. ಕನ್ನಡದಲ್ಲಿ ಹೇಳುವುದಾದರೆ ಕಾಡಿಗೆ ಕಪ್ಪು.

ಸ್ಪರ್ಧೆ ಮುಗಿದ ಮೇಲೆ ಗೌಡರು ಅಪ್ಪನನ್ನು ಗುಂಡಿಗೆ ಇಳಿಸಿದರು. ಅರವತ್ತೆಂಟರ ಅಪ್ಪ ನನ್ನ ಕೈಯನ್ನೂ ಹಿಡಿಯದೆ ಇಳಿದರು. ದುಭಾಷಿಯ ಕೆಲಸಕ್ಕೆ ನಾನು.

ಈ ಮಣ್ಣಿನ ಹೆಸರು ಡ್ರಮರ್. ಇಲ್ಲಿಂದ ಉತ್ತರಕ್ಕಿರುವ ಫೋರ್ಡ್ ಕೌಂಟಿಯ ಡ್ರಮರ್ ಎಂಬ ಹಳ್ಳದ ಹೆಸರನ್ನು 1929ರಲ್ಲಿ ಇದಕ್ಕೆ ಇಟ್ಟರು. ಈ ದೇಶದಲ್ಲಿ ಮಣ್ಣುಗಳಿಗೆ ಊರು, ಹಳ್ಳಗಳ ಹೆಸರಿಡುವುದು ಪದ್ಧತಿ. ಇಲಿನಾಯ್ ಒಂದರಲ್ಲೇ ಇದು 15 ಲಕ್ಷ ಎಕರೆಗೂ ಹೆಚ್ಚು ಹರಡಿದೆ. 2001ರಿಂದ ಇದು ಅಧಿಕೃತ ರಾಜ್ಯಮಣ್ಣು. ನಮಗೆ ನೀಲಕಂಠ ಇದೆ, ಶ್ರೀಗಂಧ ಇದೆ, ಕಮಲ ಇದೆ. ಇಷ್ಟೆಲ್ಲ ಮಣ್ಣಿನ ಮಕ್ಕಳಿರುವ ನಾಡಿಗೆ ಒಂದು ರಾಜ್ಯಮಣ್ಣು ಮಾತ್ರ ಇಲ್ಲ.

ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕಂಡದ್ದು ಹೀಗೆ. ಮೊದಲ ಏಳು ಇಂಚು ನೇಗಿಲು ಆಡಿದ ಕಪ್ಪು. ಅದರ ಕೆಳಗೆ ಇನ್ನೇಳು ಇಂಚು, ನೇಗಿಲು ಮುಟ್ಟದ ಕಪ್ಪು. ಅಲ್ಲಿ ಮಣ್ಣು ಕಾಳುಕಾಳಾಗಿ, ಹುರಿದ ರವೆಯಂತೆ ಬಿಡಿಬಿಡಿ. ಒಂದೂವರೆ ಅಡಿಯವರೆಗೆ ಕಪ್ಪು ಮಸುಕಾಗುತ್ತಾ ಹೋಯಿತು. ಆಮೇಲೆ ಒಮ್ಮೆಲೇ ಬೂದಿ! ಒಲೆಯಿಂದ ಬಾಚಿದ ಬೂದಿಗೆ ನೀರು ಹಾಕಿ ಮೆತ್ತಿದ ಹಾಗೆ ಎರಡು ಅಡಿಗೂ ಹೆಚ್ಚು ದಪ್ಪದ ಪದರ. ಅದರ ಮೈಮೇಲೆ ಅಲ್ಲಲ್ಲಿ ತುಕ್ಕಿನ ಬಣ್ಣದ ಕಲೆಗಳು. ಮೂರೂವರೆ ಅಡಿ ದಾಟಿದ ಮೇಲೆ ಸಣ್ಣ ಹರಳುಗಳು ಕಾಣಿಸಿಕೊಂಡವು, ಮಣ್ಣು ಉಸುಕುಸುಕಾಯಿತು. ಅಪ್ಪನ ಅಂಗಾಲ ಹತ್ತಿರ ಮರಳು ಮತ್ತು ಗೋಡುಮಣ್ಣು ಒಂದರ ಮೇಲೊಂದು ತೆಳ್ಳಗೆ ಹಾಸಿಕೊಂಡಿದ್ದವು. ಗುಂಡಿಯ ತಳದಲ್ಲಿ ಅಷ್ಟರಲ್ಲೇ ನೀರು ಒಸರಲು ಶುರುವಾಗಿತ್ತು.

ತಳದ ಮರಳನ್ನು ಹಾಸಿದ್ದು ಹಿಮನದಿಯ ಕರಗುನೀರು. ಸುಮಾರು 20,000 ವರ್ಷಗಳ ಹಿಂದೆ ಈ ನೆಲದ ಮೇಲೆ ಹಿಮದ ಹಾಳೆ ಇತ್ತು. ಅದೇ ಗುಡ್ಡ ಕಣಿವೆಗಳನ್ನು ಮಟ್ಟ ಮಾಡಿ ಹೋದದ್ದು. ಹಿಮ ಹಿಂದೆ ಸರಿದ ಮೇಲೆ ಪಶ್ಚಿಮದ ನದಿ ಪಾತ್ರಗಳಿಂದ ಗಾಳಿ ನುಣ್ಣನೆಯ ದೂಳನ್ನು ಎತ್ತಿ ತಂದು ಅದರ ಮೇಲೆ ಮೂರೂವರೆ ನಾಲ್ಕು ಅಡಿ ಸುರಿಯಿತು. ಒಣಗಿದಾಗ ಅದನ್ನು ಉಜ್ಜಿದರೆ ಈಗಲೂ ಜೋಳದ ಹಿಟ್ಟಿನಂತೆ ನುಣುಪು. ಆ ದೂಳಿನ ಮೇಲೆ ಹುಲ್ಲು ಬೆಳೆಯಿತು. ಆಳೆತ್ತರದ ಹುಲ್ಲು, ಅದಕ್ಕಿಂತ ಆಳಕ್ಕಿಳಿಯುವ ಬೇರು. ಪ್ರತಿ ವರ್ಷ ಒಂದಷ್ಟು ಬೇರು ಸಾಯುತ್ತದೆ. ಒಣ ನೆಲದಲ್ಲಾಗಿದ್ದರೆ ಅದು ಬೇಗ ಕೊಳೆತು ಗಾಳಿಗೆ ಹೋಗಿಬಿಡುತ್ತಿತ್ತು. ಇಲ್ಲಿ ನೆಲ ವರ್ಷದ ಎಷ್ಟೋ ತಿಂಗಳು ನೀರಿನಲ್ಲಿ ನೆನೆದಿತ್ತು, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಕೊಳೆಯುವುದಕ್ಕಿಂತ ಕೂಡುವುದೇ ಹೆಚ್ಚಾಯಿತು. ಹಾಗೆ ಸಾವಿರಾರು ವರ್ಷ ಕೂಡಿದ ಹುಲ್ಲಿನ ಬೇರೇ ಈ ಕಪ್ಪು.

ಅಪ್ಪನಿಗೆ ಇದು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಎರೆಮಣ್ಣು ಕಪ್ಪಾಗಿರುವುದು ಗೊಬ್ಬರದ ಅಂಶದಿಂದಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪ್ರತಿ ಸಲವೂ ಸಾವಯವ ಇಂಗಾಲ ಕಡಿಮೆ ಎಂದೇ ಬರುತ್ತದೆ. ಕಪ್ಪು ಅಂದರೆ ಜೇಡಿಯ ಗುಣ, ಕಪ್ಪು ಅಂದರೆ ಬಿರುಕು ಎಂಬುದು ಅವರ ಲೆಕ್ಕ. "ಬೇಸಿಗೆಯಲ್ಲಿ ಇದು ಎಷ್ಟು ಬಿರಿಯುತ್ತದೆ ಕೇಳು" ಎಂದರು. ಗೌಡರು ಕಿರುಬೆರಳು ತೋರಿಸಿದರು. ಅಪ್ಪ ತಮ್ಮ ಮುಂಗೈಯನ್ನು ಅಡ್ಡ ಹಿಡಿದು, ನಮ್ಮಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುತ್ತದೆ ಎಂದರು. ಈ ಪೈಪೋಟಿಯಲ್ಲಿ ಗೆದ್ದ ಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು.

ನನಗೆ ಬೆರಗು ಹುಟ್ಟಿಸಿದ್ದು ಕಪ್ಪಲ್ಲ, ಬೂದಿ. ಮಣ್ಣಿಗೆ ಕೆಂಪು ಹಳದಿ ಬಣ್ಣ ಕೊಡುವುದು ಕಬ್ಬಿಣದ ತುಕ್ಕು. ನೀರು ತುಂಬಿ ಗಾಳಿ ಹೊರಟುಹೋದಾಗ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಆ ತುಕ್ಕಿನ ಮೇಲೆಯೇ ಬದುಕು ನಡೆಸುತ್ತವೆ. ತುಕ್ಕು ಕರಗಿ ನೀರಿನೊಂದಿಗೆ ಸರಿದುಹೋಗುತ್ತದೆ, ಬಣ್ಣ ಕಳೆದುಕೊಂಡ ಕಣಗಳು ಬೂದಿಯಾಗಿ ಉಳಿಯುತ್ತವೆ. ಬೇರು ಹೋದ ಜಾಗದಲ್ಲೋ ಹುಳು ಕೊರೆದ ದಾರಿಯಲ್ಲೋ ಸ್ವಲ್ಪ ಗಾಳಿ ಆಡಿದರೆ ಅಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಆ ಕಲೆಗಳು ಅವೇ. ಗೌಡರ ಹೊಲಕ್ಕೆ ಅವರ ಮುತ್ತಜ್ಜನ ಕಾಲದಲ್ಲೇ ನೀರು ಬಸಿಯುವ ವ್ಯವಸ್ಥೆ ಆಗಿದೆ. ನೀರು ಇಳಿದುಹೋಗಿ ನೂರು ವರ್ಷ ಕಳೆದರೂ ಅದು ಎಲ್ಲಿಯವರೆಗೆ ನಿಂತಿತ್ತು ಎಂಬುದು ಗೋಡೆಯಲ್ಲಿ ಅಳಿಯದೆ ಉಳಿದಿದೆ. ನೆರೆ ಬಂದು ಹೋದ ಮನೆಯ ಗೋಡೆಯ ಗೆರೆಯಂತೆ.

ನೀರು ಯಾಕೆ ನಿಂತಿತು? ನಾನೂ ಅಪ್ಪನೂ ಅಂದುಕೊಂಡದ್ದು ಒಂದೇ: ಜೇಡಿ ಬಿಗಿದುಕೊಂಡು ನೀರು ಇಂಗಲು ಬಿಡುವುದಿಲ್ಲ, ಎರೆಯ ಹಾಗೆ. ಗೌಡರು ಅಲ್ಲ ಎಂದು ತಲೆಯಾಡಿಸಿದರು. ಈ ಮಣ್ಣಿನಲ್ಲಿ ಜೇಡಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯೇ. ನೀರು ಸಲೀಸಾಗಿಯೇ ಇಳಿಯುತ್ತದೆ. ಇಳಿದು ಹೋಗುವುದಕ್ಕೆ ಜಾಗವೇ ಇಲ್ಲ ಎಂಬುದು ತೊಂದರೆ. ನೆಲದ ಇಳಿಜಾರು ನೂರು ಅಡಿಗೆ ಎರಡು ಅಡಿಯನ್ನೂ ಮೀರದು. ಅದರಲ್ಲೂ ಇದು ತಗ್ಗಿನ ಮಣ್ಣು, ಸುತ್ತಲಿನ ಚೂರು ಎತ್ತರದ ನೆಲದ ನೀರೆಲ್ಲ ಒಳಗೊಳಗೇ ಇಲ್ಲಿಗೆ ಬರುತ್ತದೆ. ವಸಂತದಲ್ಲಿ ಅಂತರ್ಜಲ ಏರಿ ಏರಿ ಮೇಲಕ್ಕೆ ಮುಟ್ಟುತ್ತದೆ. ವಿಜ್ಞಾನಿಗಳು ಇದನ್ನು ಎಂಡೋಅಕ್ವಾಲ್ ಎನ್ನುತ್ತಾರಂತೆ. ಸಂಸ್ಕೃತದ ಸಮಾಸ ಬಿಡಿಸುವಂತೆ ಬಿಡಿಸಿದರೆ ಒಳಗಿನಿಂದಲೇ ನೀರು ತುಂಬುವ ಮೆತ್ತನೆಯ ಮಣ್ಣು. ನನ್ನ ಪುಸ್ತಕದ ಪೆಟ್ಟಿಗೆಗೆ ಈ ವ್ಯಾಖ್ಯಾನ ಮೊದಲೇ ತಿಳಿದಿತ್ತು.

ಬಿಳಿಯರು ಮೊದಲು ಬಂದಾಗ ಈ ಬಯಲನ್ನು ಬಿಟ್ಟು ನದಿ ದಂಡೆಯ ಮರಗಳ ಆಸರೆಯಲ್ಲಿ ಊರು ಕಟ್ಟಿದರು. ಬಯಲು ಎಂದರೆ ಸೊಳ್ಳೆ, ಮಲೇರಿಯಾ, ಬಂಡಿ ಹೂತುಹೋಗುವ ಕೆಸರು. ದನ ಮೇಯಿಸಲು ಮಾತ್ರ ಸರಿ. 1879ರಲ್ಲಿ ರೈತರು ಸೇರಿ ಡ್ರೈನೇಜ್ ಡಿಸ್ಟ್ರಿಕ್ಟ್ ಎಂಬ ಬಸಿಗಾಲುವೆ ಮಂಡಳಿಗಳನ್ನು ರಚಿಸಿಕೊಂಡು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಬಹುದು ಎಂಬ ಕಾನೂನು ಬಂತು. ಆಮೇಲೆ ಊರೂರಲ್ಲಿ ಸುಟ್ಟ ಮಣ್ಣಿನ ಕೊಳವೆಗಳ, ಇಲ್ಲಿನವರ ಮಾತಿನಲ್ಲಿ ಟೈಲ್‌ಗಳ, ಭಟ್ಟಿಗಳು ಎದ್ದವು. ಒಂದೊಂದು ಅಡಿ ಉದ್ದದ ಕೊಳವೆಗಳನ್ನು ಮೂರು ನಾಲ್ಕು ಅಡಿ ಆಳದಲ್ಲಿ, ಸಲಿಕೆಯಿಂದ ಅಗೆದು, ಒಂದರ ಬಾಯಿಗೆ ಒಂದನ್ನು ಇಟ್ಟು ಮೈಲಿಗಟ್ಟಲೆ ಹೂತರು. ಸಂದಿಯಲ್ಲಿ ನೀರು ನುಸುಳಿ ಕೊಳವೆಯೊಳಗೆ ಹರಿದು ಕಾಲುವೆಗೆ ಬೀಳುತ್ತದೆ. ಈಗ ಆ ಜಾಗಕ್ಕೆ ತೂತುಗಳಿರುವ ಪ್ಲಾಸ್ಟಿಕ್ ಕೊಳವೆ ಬಂದಿದೆ, ಆದರೂ ಇಂದಿಗೂ ಅದನ್ನು ಟೈಲ್ ಎಂದೇ ಕರೆಯುತ್ತಾರೆ. ಮಳೆ ಬಂದ ಎರಡು ಮೂರು ದಿನಕ್ಕೆ ಕೊಳವೆಯ ಮೇಲಿನ ನೆಲ ಮೊದಲು ಒಣಗುತ್ತದೆ. ಆಗ ಕಪ್ಪು ಹೊಲದ ತುಂಬ ಉದ್ದುದ್ದ ಬೆಳ್ಳನೆಯ ಪಟ್ಟೆ. ಅಪ್ಪ ಅದನ್ನು ಮೊದಲ ಸಲ ಕಂಡಾಗ, "ಹೊಲ ಈಬತ್ತಿ ಹಚ್ಚಿಕೊಂಡಿದೆ" ಎಂದರು. ಗೌಡರಿಗೆ ಇದನ್ನು ಅನುವಾದಿಸುವುದು ನನ್ನಿಂದಾಗಲಿಲ್ಲ. ಅಪ್ಪನ ಹಣೆಯನ್ನೇ ತೋರಿಸಿದೆ.

ಆ ತೆರಿಗೆಯನ್ನು ಗೌಡರು ಈಗಲೂ ಕಟ್ಟುತ್ತಾರೆ. ಇದನ್ನು ಕೇಳಿ ಅಪ್ಪ ಬಹಳ ಹೊತ್ತು ನಕ್ಕರು. 1980ರಲ್ಲಿ ನರಗುಂದ ನವಲಗುಂದದ ರೈತರು ಬೀದಿಗಿಳಿದದ್ದು ಮಲಪ್ರಭಾ ಕಾಲುವೆಯ ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ. ಅಪ್ಪ ಆಗ ಹರೆಯದವರು. "ನಾವು ನೀರು ತಂದುಕೊಟ್ಟದ್ದಕ್ಕೆ ಕೊಡುವುದಿಲ್ಲ ಎಂದೆವು. ಇವರು ನೀರು ಒಯ್ದದ್ದಕ್ಕೆ ಕೊಡುತ್ತಿದ್ದಾರೆ." ನಗು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದರು. ಕಾಲುವೆ ಬಂದ ಮೇಲೆ ನಮ್ಮ ಕೆಳಗಿನ ಹೊಲ ಜವಳಾಯಿತು, ಬೇಸಿಗೆಯಲ್ಲಿ ಬಿಳಿ ಉಪ್ಪು ಏಳುತ್ತದೆ, ಜೋಳ ಹಳದಿಯಾಗಿ ಕುಳ್ಳಾಗಿ ನಿಲ್ಲುತ್ತದೆ ಎಂದು. ಜವಳು ಎಂಬ ಒಂದೇ ಮಾತಿಗೆ ನಾನು ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಬೇಕಾಯಿತು. ಗೌಡರಿಗೆ ಅರ್ಧದಲ್ಲೇ ಅರ್ಥವಾಗಿತ್ತು.

ಬಸಿದ ನೀರಿನ ಕಥೆ ಅಷ್ಟು ಚೆಂದವಿಲ್ಲ. ಹೊಲಕ್ಕೆ ಹಾಕಿದ ಸಾರಜನಕವೂ ಮಣ್ಣು ತಾನಾಗಿ ಬಿಟ್ಟುಕೊಟ್ಟದ್ದೂ ನೈಟ್ರೇಟ್ ಆಗಿ ಕೊಳವೆಯಲ್ಲಿ ಇಳಿಯುತ್ತದೆ. ನಮ್ಮ ಕೌಂಟಿ ಸಪಾಟಾದರೂ ಕಾಸ್ಕಾಸ್ಕಿಯಾ, ಎಂಬರಾಸ್‌ನಂಥ ನದಿಗಳ ತಲೆ ಇರುವುದು ಇಲ್ಲೇ. ಬೇರೆ ಬೇರೆ ದಿಕ್ಕಿಗೆ ಹೊರಟರೂ ಕೊನೆಗೆ ಎಲ್ಲವೂ ಸೇರುವುದು ಮಿಸಿಸಿಪ್ಪಿಯನ್ನು. ಮೆಕ್ಸಿಕೊ ಕೊಲ್ಲಿಯಲ್ಲಿ ಬೇಸಿಗೆಯಲ್ಲಿ ಮೀನುಗಳಿಗೆ ಉಸಿರಾಡಲು ಆಮ್ಲಜನಕ ಇರದ ಒಂದು ವಲಯ ಹುಟ್ಟುವುದಕ್ಕೆ ಈ ಬಯಲಿನ ಕೊಳವೆಗಳ ಪಾಲೂ ಇದೆ. ಹುಲ್ಲಂತೂ ಹೋಯಿತು. ಪ್ರೇರಿ ರಾಜ್ಯ, ಅಂದರೆ ಹುಲ್ಲುಬಯಲಿನ ರಾಜ್ಯ, ಎಂದು ಹೆಸರಿಟ್ಟುಕೊಂಡ ಇಲಿನಾಯ್‌ನಲ್ಲಿ ಮೂಲ ಪ್ರೇರಿಯ ಸಾವಿರದಲ್ಲಿ ಒಂದು ಪಾಲೂ ಉಳಿದಿಲ್ಲ; ಉಳಿದ ಚೂರುಗಳು ಹಳೆಯ ಸ್ಮಶಾನಗಳಲ್ಲಿ, ರೈಲು ಹಳಿಯ ಬದಿಯಲ್ಲಿ. ಕಪ್ಪು ಕೂಡಿಸಿಟ್ಟವರು ಯಾರೋ, ಖರ್ಚು ಮಾಡುತ್ತಿರುವವರು ಯಾರೋ. ಇದನ್ನು ಗೌಡರ ಮುಂದೆ ಹೇಳುವ ಧೈರ್ಯ ನನಗಿಲ್ಲ, ಅವರ ಹೊಲದ ಗೋವಿನಜೋಳವನ್ನು ಸುಟ್ಟು ತಿನ್ನುವವಳು ನಾನೂ ಹೌದು.

ಇಲ್ಲಿನ ಇಲಿನಾಯ್ ವಿಶ್ವವಿದ್ಯಾಲಯದ ನಡುವೆ 1876ರಿಂದ ಉಳುತ್ತಿರುವ ಪ್ರಯೋಗದ ತುಂಡು ಹೊಲವೊಂದಿದೆ, ಮಾರೋ ಪ್ಲಾಟ್ಸ್ ಎಂದು. ಅದರ ಮೇಲೆ ನೆರಳು ಬೀಳಬಾರದೆಂದು ಪಕ್ಕದ ಗ್ರಂಥಾಲಯವನ್ನು 1969ರಲ್ಲಿ ನೆಲದಡಿ ಕಟ್ಟಿದರು. ಅಪ್ಪ ಅಮೆರಿಕದಲ್ಲಿ ನೋಡಿದ್ದರಲ್ಲಿ ಊರಿನಲ್ಲಿ ಹೇಳಿಕೊಳ್ಳುತ್ತಿರುವುದು ಇದೊಂದನ್ನೇ. ಷಿಕಾಗೊದ ಗೋಪುರಗಳ ಬಗ್ಗೆ ಒಂದು ಮಾತಿಲ್ಲ.

ಕಳೆದ ತಿಂಗಳು ಅವರ ಫೋನು ಬಂತು. ಕೆಳಗಿನ ಜವಳು ಹೊಲಕ್ಕೆ ಕೊಳವೆ ಹಾಕಿಸುವ ಯೋಚನೆಯಂತೆ. ಎಷ್ಟು ಅಡಿಗೊಂದು ಹಾಕಬೇಕು ಗೌಡರನ್ನು ಕೇಳು ಎಂದರು. ಕೇಳಿದೆ. ನನ್ನ ಹೊಲದಲ್ಲಿ ಎಂಬತ್ತು ನೂರು ಅಡಿಗೊಂದು ಸಾಕು, ಅವರದು ಹೇಗೋ, ಮೊದಲು ಗುಂಡಿ ತೋಡಿ ಬೂದಿ ಎಲ್ಲಿ ಶುರುವಾಗುತ್ತದೆ ನೋಡಲಿ ಎಂದರು. ಎರಡು ದಿನದಲ್ಲಿ ಅಪ್ಪನಿಂದ ಫೋಟೊ ಬಂತು. ಆಳುದ್ದದ ಗುಂಡಿ, ಪಕ್ಕಕ್ಕೆ ಅಳತೆಗೆಂದು ನಿಲ್ಲಿಸಿದ ಕುಂಟೆಯ ಕೋಲು. ಮೇಲಿನಿಂದ ಕೆಳಗಿನವರೆಗೆ ಒಂದೇ ಕಪ್ಪು. ಬೂದಿಯಿಲ್ಲ, ತುಕ್ಕಿಲ್ಲ, ಪದರವೇ ಇಲ್ಲ. ಬಿರಿದು, ಮೇಲಿನದು ಕೆಳಗೆ ಬಿದ್ದು, ಮಳೆಗೆ ಉಬ್ಬಿ ಮತ್ತೆ ಮೇಲೆದ್ದು, ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು. ಅದು ಎಲ್ಲಿ ಗೆರೆ ಉಳಿಸಿಕೊಂಡೀತು?

ಗೌಡರು ಕನ್ನಡಕ ಏರಿಸಿ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. "ನಿಮ್ಮ ತಂದೆ ಕುರಿಮರಿಯ ಕಾಲು ಎಂದದ್ದು ತಮಾಷೆಗೆ ಅಲ್ಲ, ಅಲ್ಲವೇ?" ಎಂದು ಕೇಳಿದರು.