ಓಟಿನ ಜೊತೆ ನೋಟು ಕೇಳಿದ ಶಾಸಕ

ಶಾಂತವೇರಿ ಗೋಪಾಲಗೌಡರ ರಾಜಕೀಯ ಬೆಳೆದದ್ದು ಒಂದು ಕೊಳಗದ ಸುತ್ತ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯದಕ್ಕಿಂತ ದೊಡ್ಡದು. ಲೆಕ್ಕದಲ್ಲಿ ಅಷ್ಟೇ ಕೊಳಗ, ಕಣಜಕ್ಕೆ ಬೀಳುವ ಭತ್ತ ಮಾತ್ರ ಹೆಚ್ಚು. ತಕರಾರು ಎತ್ತಿದ ಗೇಣಿದಾರರ ಉಳುಮೆಗೇ ಕುತ್ತು ಬಂತು. 1951ರ ಸತ್ಯಾಗ್ರಹಕ್ಕೆ ಸಮಾಜವಾದಿ ಗೌಡರು ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

1952ರಲ್ಲಿ ಗೌಡರು ವಿಧಾನಸಭೆಗೆ. ಚುನಾವಣೆಗೆ ಕೈಯಲ್ಲಿ ಕಾಸಿಲ್ಲದೆ ಜನರ ಬಳಿ ಒಂದು ಓಟಿನ ಜೊತೆ ಒಂದು ನೋಟನ್ನೂ ಕೇಳುತ್ತಿದ್ದರು. (ಈಗ ನೋಟು ಹರಿಯುವ ದಿಕ್ಕೇ ಬೇರೆ!) 1957ರಲ್ಲಿ ಸೋಲು, 1962, 1967ರಲ್ಲಿ ಮತ್ತೆ ಗೆಲುವು. ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂದು ವಾದಿಸಿದ್ದ ಅವರು 1972ರ ಜೂನ್‌ನಲ್ಲಿ, 49ನೇ ವಯಸ್ಸಿಗೆ ತೀರಿಕೊಂಡರು. ಆ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ.